ಭಾದ್ರಪದ ಮಾಸ: ಅದರ ಹೆಸರು, ಗಣನೆ ಮತ್ತು ವ್ರತಗಳು

ದಿಗಂಬರ ಜೈನ ಸಂಪ್ರದಾಯದಲ್ಲಿ ವ್ರತಬಾಹುಳ್ಯದಿಂದ ಭಾದ್ರಪದಕ್ಕೆ ಸಮನಾದ ಮಾಸವು ಬೇರೊಂದಿಲ್ಲ. ಷೋಡಶಕಾರಣ, ದಶಲಕ್ಷಣ, ಪುಷ್ಪಾಂಜಲಿ, ಸುಗಂಧದಶಮಿ, ರತ್ನತ್ರಯ, ಅನಂತಚತುರ್ದಶಿ ಇವೆಲ್ಲವೂ ಈ ಮಾಸದ ಆಶ್ರಯದಲ್ಲಿಯೇ ಬರುತ್ತವೆ. ವರ್ಷದ ಉಳಿದ ದಿನಗಳಲ್ಲಿ ಬಸದಿಗೆ ಅಪರೂಪವಾಗಿ ಬರುವವರೂ ಈ ಕಾಲದಲ್ಲಿ ಒಂದು ದಿನವಾದರೂ ಏಕಭುಕ್ತದಲ್ಲಿದ್ದು ಅಭಿಷೇಕವನ್ನು ನೋಡುತ್ತಾರೆ. ಆದರೆ ಈ ಮಾಸವು ಎಂದು ಆರಂಭವಾಗುತ್ತದೆ, ಎಂದು ಮುಗಿಯುತ್ತದೆ ಎಂಬ ಸರಳವಾದ ಪ್ರಶ್ನೆಗೆ ಕರ್ನಾಟಕದ ಒಂದೇ ಜೈನ ಮನೆಯಲ್ಲಿ ಎರಡು ಉತ್ತರಗಳು ದೊರೆಯುವ ಸಂಭವವುಂಟು.

ಅತ್ತೆಯವರು ಗೋಡೆಯ ಮೇಲಿನ ಪಂಚಾಂಗವನ್ನು ನೋಡುತ್ತಾರೆ. ಸೊಸೆಯ ಕೈಯಲ್ಲಿ ಹಿಂದೀ ಭಾಷೆಯ ವ್ರತವಿಧಾನದ ಪುಸ್ತಕವಿರುತ್ತದೆ. ಷೋಡಶಕಾರಣ ವ್ರತವನ್ನು ಭಾದ್ರಪದ ಕೃಷ್ಣ ಪ್ರತಿಪದೆಯಂದು ಹಿಡಿಯಬೇಕೆಂದು ಪುಸ್ತಕದಲ್ಲಿದೆ. ಗೋಡೆಯ ಪಂಚಾಂಗದಲ್ಲಿ ಭಾದ್ರಪದ ಬಹುಳ ಪಾಡ್ಯವನ್ನು ಹುಡುಕಿದರೆ ಅದು ಅನಂತಚತುರ್ದಶಿಯೂ ಹುಣ್ಣಿಮೆಯೂ ಕಳೆದ ಮೇಲೆ ಸಿಕ್ಕುತ್ತದೆ! ೨೦೨೫ರ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಆ ವರ್ಷ ಶ್ರಾವಣದ ಹುಣ್ಣಿಮೆ ಆಗಸ್ಟ್ ೯ರಂದು ಬಂದಿತು. ಪುಸ್ತಕದ ಅಭಿಪ್ರಾಯದಂತೆ ವ್ರತಾರಂಭ ಆಗಸ್ಟ್ ೧೦. ಗೋಡೆಯ ಪಂಚಾಂಗದ ಹೆಸರನ್ನೇ ನಂಬಿದವರಿಗೆ ವ್ರತಾರಂಭ ಸೆಪ್ಟೆಂಬರ್ ೮. ಅಂದರೆ ಒಬ್ಬರು ವ್ರತವನ್ನು ಮುಗಿಸಿ ಕ್ಷಮಾವಣಿಯನ್ನು ಆಚರಿಸುವ ದಿನದಂದು ಇನ್ನೊಬ್ಬರು ಸಂಕಲ್ಪ ಮಾಡಲು ಕುಳಿತಿರುತ್ತಾರೆ. ಹದಿನಾರು ವರ್ಷಗಳ ಪರ್ಯಂತ ನಡೆಸಬೇಕಾದ ವ್ರತದಲ್ಲಿ ಇದು ಅಲ್ಪವಾದ ವಿಷಯವಲ್ಲ. ಯಾವುದು ಸರಿ, ಏಕೆ ಸರಿ ಎಂಬುದನ್ನು ತಿಳಿಯಲು ಮಾಸದ ಹೆಸರಿನಿಂದಲೇ ಆರಂಭಿಸುವುದು ಉಚಿತ.

ಹೆಸರಿನ ಮೂಲ

ಚಂದ್ರನು ಪೂರ್ಣನಾದ ರಾತ್ರಿ ಯಾವ ನಕ್ಷತ್ರದ ಸಮೀಪದಲ್ಲಿರುವನೋ ಆ ನಕ್ಷತ್ರದ ಹೆಸರು ಮಾಸಕ್ಕೆ ಬರುತ್ತದೆ. ಚಿತ್ತೆಯಿಂದ ಚೈತ್ರ, ವಿಶಾಖೆಯಿಂದ ವೈಶಾಖ, ಶ್ರವಣದಿಂದ ಶ್ರಾವಣ ಎಂಬಂತೆ ಪೂರ್ವಾಭಾದ್ರ, ಉತ್ತರಾಭಾದ್ರಗಳಿಂದ ಭಾದ್ರಪದವೆಂಬ ಹೆಸರು. ಇವೆರಡಕ್ಕೂ ಎರಡೆರಡು ತಾರೆಗಳು. ನಾಲ್ಕೂ ಸೇರಿದರೆ ಆಕಾಶದಲ್ಲಿ ದೊಡ್ಡದೊಂದು ಚೌಕ. ಭಾದ್ರಪದದಲ್ಲಿ ಮೋಡ ಸರಿದ ಸಂಜೆ, ಕತ್ತಲಾದ ಮೇಲೆ ಪೂರ್ವದಿಕ್ಕಿಗೆ ನೋಡಿದರೆ ಈ ಚೌಕವು ಮೇಲೇರುತ್ತಿರುವುದನ್ನು ಮಕ್ಕಳಿಗೂ ತೋರಿಸಬಹುದು. ಪ್ರಾಚೀನರು ಈ ನಕ್ಷತ್ರಗಳನ್ನು ಪ್ರೋಷ್ಠಪದಗಳೆಂದೂ ಕರೆದರು. ಪ್ರೋಷ್ಠವೆಂದರೆ ಮಣೆ, ಪೀಠ. ಪೀಠದ ನಾಲ್ಕು ಕಾಲುಗಳಂತೆ ಕಾಣುವುದರಿಂದ ಆ ಹೆಸರು. ಭದ್ರವೆಂದರೆ ಮಂಗಳ. ಮಂಗಳವಾದ ಪಾದಗಳುಳ್ಳದ್ದು ಭದ್ರಪದ. ಅಮರಸಿಂಹನ ಕೋಶದಲ್ಲಿ ನಭಸ್ಯ, ಪ್ರೌಷ್ಠಪದ, ಭಾದ್ರ, ಭಾದ್ರಪದ ಇವು ಪರ್ಯಾಯಪದಗಳು. ನಭಸ್ಸು ಎಂದರೆ ಮೋಡ ಕವಿದ ಆಕಾಶ. ಶ್ರಾವಣವು ನಭಸ್ಸು, ಭಾದ್ರಪದವು ನಭಸ್ಯ, ಎರಡೂ ಸೇರಿ ವರ್ಷಋತು.

ನಾಲ್ಕು ಕಾಲುಗಳ ಪೀಠವನ್ನು ದರ್ಶನ, ಜ್ಞಾನ, ಚಾರಿತ್ರ, ತಪಸ್ಸುಗಳೆಂಬ ನಾಲ್ಕು ಆರಾಧನೆಗಳಿಗೆ ಹೋಲಿಸುವುದು ಮನೋಹರವಾಗಿ ಕಾಣಬಹುದು. ಅದು ಹೋಲಿಕೆಯಷ್ಟೇ, ಶಾಸ್ತ್ರವಚನವಲ್ಲ. ಮುಂದೆ ಹೇಳಬೇಕಾದ ಗಣನೆಗೆ ಬೇಕಾದುದು ಹೆಸರಿನ ಇನ್ನೊಂದು ಗುಣ. ಮಾಸಕ್ಕೆ ಹೆಸರನ್ನು ಕೊಡುವುದು ಹುಣ್ಣಿಮೆ. ಹುಣ್ಣಿಮೆಯ ಮೊದಲು ಒಂದು ಕೃಷ್ಣಪಕ್ಷವಿದೆ, ಅನಂತರ ಒಂದು ಕೃಷ್ಣಪಕ್ಷವಿದೆ. ಈ ಎರಡರಲ್ಲಿ ಯಾವುದು ಭಾದ್ರಪದಕ್ಕೆ ಸೇರಬೇಕು ಎಂಬುದೇ ವಿವಾದದ ಮೂಲ.

ಅಮಾಂತ ಮತ್ತು ಪೂರ್ಣಿಮಾಂತ

ಕರ್ನಾಟಕ, ಆಂಧ್ರ, ಮಹಾರಾಷ್ಟ್ರ, ಗುಜರಾತ್ ಪ್ರಾಂತಗಳಲ್ಲಿ ಮಾಸವು ಶುಕ್ಲ ಪಾಡ್ಯದಿಂದ ಹೊರಟು ಅಮಾವಾಸ್ಯೆಗೆ ಮುಗಿಯುತ್ತದೆ. ಇದು ಅಮಾಂತ. ಉತ್ತರ ಭಾರತದಲ್ಲಿ ಮಾಸವು ಕೃಷ್ಣ ಪಾಡ್ಯದಿಂದ ಹೊರಟು ಹುಣ್ಣಿಮೆಗೆ ಮುಗಿಯುತ್ತದೆ. ಇದು ಪೂರ್ಣಿಮಾಂತ. ಶುಕ್ಲಪಕ್ಷದ ಹೆಸರು ಎರಡು ಪದ್ಧತಿಗಳಲ್ಲಿಯೂ ಒಂದೇ. ಆದಕಾರಣ ದಶಲಕ್ಷಣದ ವಿಷಯದಲ್ಲಿ ಬೆಳಗಾವಿಯವರಿಗೂ ಇಂದೋರಿನವರಿಗೂ ಭೇದವಿಲ್ಲ. ಕೃಷ್ಣಪಕ್ಷಕ್ಕೆ ಮಾತ್ರ ಒಂದು ಮಾಸದ ಹೆಸರು ಹಿಂದುಮುಂದಾಗುತ್ತದೆ. ಉತ್ತರದವರ ಭಾದ್ರಪದ ಕೃಷ್ಣವೇ ನಮ್ಮ ಶ್ರಾವಣ ಬಹುಳ. ಅವರ ಆಶ್ವಿನ ಕೃಷ್ಣವೇ ನಮ್ಮ ಭಾದ್ರಪದ ಬಹುಳ. ಆಕಾಶದಲ್ಲಿ ಚಂದ್ರನು ಒಬ್ಬನೇ, ದಿನವೂ ಒಂದೇ. ಹೆಸರು ಮಾತ್ರ ಎರಡು.

ಅಮಾಂತವು ಕರ್ನಾಟಕದಲ್ಲಿ ಅನಾದಿಯಿಂದ ಬಂದುದೆಂದು ಭಾವಿಸುವವರಿದ್ದಾರೆ. ಶಾಸನಗಳು ಹಾಗೆ ಹೇಳುವುದಿಲ್ಲ. ರಾಷ್ಟ್ರಕೂಟ ಮೂರನೆಯ ಗೋವಿಂದನ ಶಕ ೭೨೬ರ, ಅಂದರೆ ಕ್ರಿ.ಶ. ೮೦೪ರ ಕನ್ನಡ ಶಾಸನದಲ್ಲಿರುವ ವೈಶಾಖ ಬಹುಳ ಪಂಚಮಿಯು ಪೂರ್ಣಿಮಾಂತದ ಲೆಕ್ಕಕ್ಕೆ ಹೊಂದುತ್ತದೆಂದು ಶಾಸನತಜ್ಞ ಜೆ. ಎಫ್. ಫ್ಲೀಟ್ ಅವರು ಗಣಿಸಿ ತೋರಿಸಿದರು. ಕನ್ನಡ ನಾಡಿನಲ್ಲಿಯೂ ಒಂಬತ್ತನೆಯ ಶತಮಾನದ ಆದಿಯವರೆಗೆ ಹುಣ್ಣಿಮೆಗೆ ಮುಗಿಯುವ ಮಾಸವು ಬಳಕೆಯಲ್ಲಿತ್ತೆಂದು ಇದರಿಂದ ತಿಳಿಯುತ್ತದೆ. ಆದಕಾರಣ ವ್ರತಪುಸ್ತಕದ ಗಣನೆಯನ್ನು “ಉತ್ತರದವರ ಪದ್ಧತಿ” ಎಂದು ತಳ್ಳಿಹಾಕುವುದು ಸಾಧುವಲ್ಲ.

ಆಗಮದ ಲೆಕ್ಕ

ಶಾಸನಕ್ಕಿಂತ ಬಲವಾದ ಪ್ರಮಾಣವು ಆಗಮದಲ್ಲಿಯೇ ಇದೆ. ವೀರಸೇನಾಚಾರ್ಯರ ಧವಲಾಟೀಕೆಯಲ್ಲಿ ತೀರ್ಥೋತ್ಪತ್ತಿಯ ಕಾಲವನ್ನು ನಿರ್ಣಯಿಸುವ ಪ್ರಸಂಗವುಂಟು. ವರ್ಷದ ಪ್ರಥಮ ಮಾಸ ಶ್ರಾವಣ, ಅದರ ಪ್ರಥಮ ಪಕ್ಷ ಬಹುಳಪಕ್ಷ, ಆ ಪಕ್ಷದ ಪ್ರತಿಪದೆಯ ಪೂರ್ವಾಹ್ಣ, ಅಭಿಜಿತ್ ನಕ್ಷತ್ರ. ಆಗ ವರ್ಧಮಾನ ಸ್ವಾಮಿಯ ತೀರ್ಥವು ಹುಟ್ಟಿತೆಂಬುದು ಅಲ್ಲಿಯ ಅಭಿಪ್ರಾಯ. ಮಾಸದ ಪ್ರಥಮ ಪಕ್ಷವು ಬಹುಳವಾಗಿರಬೇಕಾದರೆ ಆ ಮಾಸವು ಪೂರ್ಣಿಮಾಂತವೇ ಆಗಿರಬೇಕು. ಅಮಾಂತದಲ್ಲಿ ಬಹುಳವು ಯಾವಾಗಲೂ ಎರಡನೆಯ ಪಕ್ಷ.

ಗಣಿತದಿಂದಲೂ ಇದನ್ನು ಪರೀಕ್ಷಿಸಬಹುದು. ಭಗವಾನ್ ಮಹಾವೀರರಿಗೆ ಕೇವಲಜ್ಞಾನವಾದುದು ವೈಶಾಖ ಶುಕ್ಲ ದಶಮಿಯಂದು. ಗಣಧರರಿಲ್ಲದ ಕಾರಣ ಅರವತ್ತಾರು ದಿನಗಳ ಪರ್ಯಂತ ದಿವ್ಯಧ್ವನಿ ಹೊರಡಲಿಲ್ಲ. ಇಂದ್ರಭೂತಿ ಗೌತಮರು ಬಂದ ಬಳಿಕ ರಾಜಗೃಹದ ವಿಪುಲಾಚಲದಲ್ಲಿ ಶ್ರಾವಣ ಕೃಷ್ಣ ಪ್ರತಿಪದೆಯಂದು ಪ್ರಥಮ ದೇಶನೆಯಾಯಿತು. ಇದು ಪ್ರತಿಯೊಂದು ಪಾಠಶಾಲೆಯಲ್ಲಿ ಹೇಳಿಕೊಡುವ ವಿಷಯ. ಈಗ ತಿಥಿಗಳನ್ನು ಎಣಿಸಬೇಕು. ವೈಶಾಖ ಶುಕ್ಲ ದಶಮಿಯಿಂದ ಜ್ಯೇಷ್ಠ ಶುಕ್ಲ ದಶಮಿಗೆ ಮೂವತ್ತು, ಅಲ್ಲಿಂದ ಆಷಾಢ ಶುಕ್ಲ ದಶಮಿಗೆ ಇನ್ನು ಮೂವತ್ತು, ಹುಣ್ಣಿಮೆಗೆ ಐದು, ಮರುದಿನದ ಪಾಡ್ಯಕ್ಕೆ ಒಂದು; ಒಟ್ಟು ಅರವತ್ತಾರು. ಆಷಾಢದ ಹುಣ್ಣಿಮೆಯ ಮರುದಿನವೇ ಆಗಮದ ಶ್ರಾವಣ ಕೃಷ್ಣ ಪ್ರತಿಪದೆ. ನಮ್ಮ ಗೋಡೆಯ ಪಂಚಾಂಗದಲ್ಲಿ ಅದು ಆಷಾಢ ಬಹುಳ ಪಾಡ್ಯ. ಅಮಾಂತದ ಶ್ರಾವಣ ಬಹುಳವನ್ನು ಹಿಡಿದರೆ ತೊಂಬತ್ತಾರು ತಿಥಿಗಳಾಗುತ್ತವೆ, ಆಗಮಕ್ಕೆ ವಿರೋಧವುಂಟಾಗುತ್ತದೆ.

ಎರಡನೆಯ ಲೆಕ್ಕವು ಭಾದ್ರಪದ ಶುಕ್ಲ ಪಂಚಮಿಗೆ ಸಂಬಂಧಿಸಿದುದು. ಅವಸರ್ಪಿಣಿಯ ಆರನೆಯ ಕಾಲದ ಅಂತ್ಯದಲ್ಲಿ ಭರತಕ್ಷೇತ್ರದ ಆರ್ಯಖಂಡದಲ್ಲಿ ಘೋರವಾದ ಪ್ರಳಯವಾಗುತ್ತದೆ. ವಿಜಯಾರ್ಧದ ಗುಹೆಗಳಲ್ಲಿ ಎಪ್ಪತ್ತೆರಡು ಯುಗಲಗಳೂ ಇನ್ನು ಕೆಲವು ಜೀವಿಗಳೂ ಉಳಿಯುತ್ತವೆ. ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯಲ್ಲಿಯೂ, ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರದಲ್ಲಿಯೂ ಈ ಪ್ರಳಯದ ವರ್ಣನೆಯಿದೆ. ಉತ್ಸರ್ಪಿಣಿಯು ಆರಂಭವಾಗುತ್ತಲೇ ಸುವೃಷ್ಟಿಯಾಗಿ ಬೆಂದ ನೆಲ ತಣಿಯುತ್ತದೆ, ಬಳ್ಳಿ ಹುಲ್ಲು ಚಿಗುರುತ್ತವೆ, ಗುಹೆಯಲ್ಲಿದ್ದವರು ಹೊರಗೆ ಬರುತ್ತಾರೆ. ಈ ಸುವೃಷ್ಟಿಯು ಶ್ರಾವಣ ಕೃಷ್ಣ ಪ್ರತಿಪದೆಯಿಂದ ನಲವತ್ತೊಂಬತ್ತು ದಿನಗಳು ನಡೆದು ಭಾದ್ರಪದ ಶುಕ್ಲ ಚತುರ್ಥಿಗೆ ನಿಲ್ಲುತ್ತದೆಂದೂ, ಪಂಚಮಿಯಂದು ಜೀವಿಗಳು ಬೆಳಕಿಗೆ ಬರುತ್ತವೆಂದೂ, ಆದುದರಿಂದಲೇ ದಶಲಕ್ಷಣವು ಪಂಚಮಿಯಂದು ಆರಂಭವಾಗುತ್ತದೆಂದೂ ಪರಂಪರೆಯು ಹೇಳುತ್ತದೆ. ಶ್ರಾವಣದ ಎರಡು ಪಕ್ಷಗಳಿಗೆ ಮೂವತ್ತು, ಭಾದ್ರಪದ ಕೃಷ್ಣಕ್ಕೆ ಹದಿನೈದು, ಶುಕ್ಲದಲ್ಲಿ ನಾಲ್ಕು, ನಲವತ್ತೊಂಬತ್ತು. ಇಲ್ಲಿಯೂ ಪೂರ್ಣಿಮಾಂತವನ್ನು ಬಿಟ್ಟರೆ ಲೆಕ್ಕ ನಿಲ್ಲುವುದಿಲ್ಲ.

“ಕರ್ನಾಟಕದವರು ಕರ್ನಾಟಕದ ಪಂಚಾಂಗವನ್ನು ಅನುಸರಿಸಬೇಡವೇ?” ಎಂದು ಶಂಕಿಸಬಹುದು. ಇದಕ್ಕೆ ಸಮಾಧಾನವು ದೀಪಾವಳಿಯಲ್ಲಿದೆ. ಮಹಾವೀರರ ನಿರ್ವಾಣವು ಕಾರ್ತಿಕ ಕೃಷ್ಣಪಕ್ಷದ ಅಂತ್ಯದಲ್ಲಿ ಆಯಿತೆಂದು ಶಾಸ್ತ್ರವಿದೆ. ಕರ್ನಾಟಕದ ಪಂಚಾಂಗದಂತೆ ದೀಪಾವಳಿಯ ಅಮಾವಾಸ್ಯೆಯು ಆಶ್ವಯುಜ ಬಹುಳದ್ದು. ಆದರೂ ನಮ್ಮ ಬಸದಿಗಳಲ್ಲಿ ಯಾರೂ ಇನ್ನೊಂದು ತಿಂಗಳು ಕಾದು ನಿರ್ವಾಣಪೂಜೆಯನ್ನು ಮಾಡುವುದಿಲ್ಲ. ಹೆಸರನ್ನು ಬಿಟ್ಟು ದಿನವನ್ನು ಹಿಡಿಯುವ ವಿವೇಕವನ್ನು ಹಿರಿಯರು ಅಲ್ಲಿ ತೋರಿದ್ದಾರೆ. ಅದೇ ವಿವೇಕವು ಷೋಡಶಕಾರಣಕ್ಕೂ ಅನ್ವಯಿಸಬೇಕಾದುದು ನ್ಯಾಯ.

ಮಳೆಗಾಲದ ನಡುವೆ

ಚಾತುರ್ಮಾಸವು ಆಷಾಢ ಶುಕ್ಲ ಚತುರ್ದಶಿಯಿಂದ ದೀಪಾವಳಿಯ ಹಿಂದಿನ ಚತುರ್ದಶಿಯವರೆಗೆ. ಭಾದ್ರಪದವು ಅದರ ನಡುವೆ ಬರುತ್ತದೆ. ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸಿರುವುದರಿಂದ ಗೃಹಸ್ಥರಿಗೆ ಆಹಾರದಾನವೂ ಉಪದೇಶವೂ ಸುಲಭವಾಗುತ್ತವೆ. ಮುನಿಗಳು ನಿಲ್ಲುವುದು ಮಳೆಯ ಭಯದಿಂದಲ್ಲ. ನೆಲವೆಲ್ಲ ಹಸುರಾಗಿ, ಕಾಲಿಟ್ಟಲ್ಲೆಲ್ಲ ಮೊಳಕೆ, ಪಾಚಿ, ಹುಳು, ಇರುವೆಗಳಿರುವಾಗ ಈರ್ಯಾಸಮಿತಿಯನ್ನು ಪಾಲಿಸುವುದು ಕಷ್ಟವೆಂಬ ಕಾರಣದಿಂದ. ಗೃಹಸ್ಥನ ಅಡಿಗೆಮನೆಗೂ ಇದೇ ನ್ಯಾಯ ಸಲ್ಲುತ್ತದೆ. ಹಿಟ್ಟಿನ ಮರ್ಯಾದೆಯು ಚಳಿಗಾಲದಲ್ಲಿ ಏಳು ದಿನ, ಬೇಸಗೆಯಲ್ಲಿ ಐದು ದಿನ, ಮಳೆಗಾಲದಲ್ಲಿ ಮೂರೇ ದಿನ. ತೇವದಿಂದ ಹಿಟ್ಟಿನಲ್ಲಿ ಜೀವೋತ್ಪತ್ತಿಯು ಬೇಗನೆ ಆಗುತ್ತದೆ. ಸೋಸಿದ ನೀರಿಗೆ ಒಂದು ಅಂತರ್ಮುಹೂರ್ತ, ಕುದಿಸಿದ ನೀರಿಗೆ ಒಂದು ಅಹೋರಾತ್ರಿ. ಮೋಡ ಕವಿದ ದಿನಗಳಲ್ಲಿ ಸೂರ್ಯಾಸ್ತವು ತಿಳಿಯದಿರುವುದರಿಂದ ಸಂಜೆಯ ಊಟವನ್ನು ಗಡಿಯಾರ ನೋಡಿ ಮುಂಚಿತವಾಗಿಯೇ ಮುಗಿಸಬೇಕಾಗುತ್ತದೆ. ಈಗ ಗಿರಣಿಯ ಹಿಟ್ಟನ್ನು ಪೊಟ್ಟಣದಲ್ಲಿ ತಂದು ತಿಂಗಳುಗಟ್ಟಲೆ ಇಡುವ ರೂಢಿಯಾಗಿದೆ. ವ್ರತದ ದಿನಗಳಲ್ಲಿ ಉಪವಾಸ ಮಾಡಿ, ಪಾರಣೆಗೆ ಆ ಹಿಟ್ಟಿನ ರೊಟ್ಟಿಯನ್ನೇ ತಿನ್ನುವುದು ಎಷ್ಟು ಸಮಂಜಸವೆಂಬುದನ್ನು ಗೃಹಿಣಿಯರೇ ವಿಚಾರ ಮಾಡಬೇಕು.

ಕೃಷ್ಣಪಕ್ಷದಿಂದ ಹೊರಡುವ ವ್ರತ

ಷೋಡಶಕಾರಣವು ಭಾದ್ರಪದ ಕೃಷ್ಣ ಪ್ರತಿಪದೆಯಿಂದ ಆಶ್ವಿನ ಕೃಷ್ಣ ಪ್ರತಿಪದೆಯ ಪರ್ಯಂತ ನಡೆಯುತ್ತದೆ. ಎಣಿಸಿದರೆ ಮೂವತ್ತೊಂದು ತಿಥಿಗಳು. ಒಂದು ದಿನ ಉಪವಾಸ, ಮರುದಿನ ಪಾರಣೆ ಎಂಬ ಕ್ರಮದಲ್ಲಿ ಹೊರಟರೆ ಮೊದಲನೆಯ ತಿಥಿಯಲ್ಲಿ ಆರಂಭಿಸಿದ ಉಪವಾಸವು ಮೂವತ್ತೊಂದನೆಯದಕ್ಕೆ ಹದಿನಾರನೆಯದಾಗಿ ಮುಗಿಯುತ್ತದೆ. ನಡುವೆ ಹದಿನೈದು ಪಾರಣೆಗಳು. ಹದಿನಾರು ಭಾವನೆಗಳಿಗೆ ಹದಿನಾರು ಉಪವಾಸಗಳು. ಇಷ್ಟು ಶಕ್ತಿಯಿಲ್ಲದವರು ಏಕಭುಕ್ತದಿಂದ ನಡೆಸುತ್ತಾರೆ. ಇದೇ ವ್ರತವು ಮಾಘ ಮತ್ತು ಚೈತ್ರಗಳಲ್ಲಿಯೂ ಬರುತ್ತದೆ. ಅಲ್ಲಿಯೂ ಹೆಸರಿನ ವ್ಯತ್ಯಾಸವನ್ನು ಮರೆಯಬಾರದು. ಮಾಘ ಕೃಷ್ಣ ಪ್ರತಿಪದೆಯು ನಮ್ಮ ಪುಷ್ಯ ಬಹುಳ ಪಾಡ್ಯ, ಚೈತ್ರ ಕೃಷ್ಣ ಪ್ರತಿಪದೆಯು ನಮ್ಮ ಫಾಲ್ಗುಣ ಬಹುಳ ಪಾಡ್ಯ, ಅಂದರೆ ಹೋಳಿ ಹುಣ್ಣಿಮೆಯ ಮರುದಿನ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ತೀರ್ಥಂಕರತ್ವಕ್ಕೆ ಕಾರಣವಾದ ಈ ಹದಿನಾರನ್ನು ಎಣಿಸಿದ್ದಾರೆ. ದರ್ಶನವಿಶುದ್ಧಿಯು ಮೊದಲನೆಯದು, ಪ್ರವಚನವಾತ್ಸಲ್ಯವು ಕೊನೆಯದು. ವಿನಯ, ಶೀಲವ್ರತಗಳಲ್ಲಿ ದೋಷವಿಲ್ಲದಿರುವುದು, ನಿರಂತರ ಜ್ಞಾನೋಪಯೋಗ, ಸಂವೇಗ, ವೈಯಾವೃತ್ತ್ಯ, ಅರ್ಹಂತ ಮತ್ತು ಆಚಾರ್ಯರ ಭಕ್ತಿ ಮೊದಲಾದವು ನಡುವಿನವು. ದರ್ಶನವಿಶುದ್ಧಿಯಿಲ್ಲದೆ ಉಳಿದ ಹದಿನೈದಕ್ಕೂ ಬಲವಿಲ್ಲ. ಅದೊಂದು ಇದ್ದರೆ ಉಳಿದವುಗಳಲ್ಲಿ ಕೆಲವು ಕಡಿಮೆಯಿದ್ದರೂ ಕಾರ್ಯವಾಗುವುದುಂಟು. ಶ್ರೇಣಿಕ ಮಹಾರಾಜನಲ್ಲಿ ವ್ರತಗಳಿರಲಿಲ್ಲ. ಕ್ಷಾಯಿಕ ಸಮ್ಯಕ್ತ್ವವಿತ್ತು. ಮಹಾವೀರರ ಪಾದಮೂಲದಲ್ಲಿ ತೀರ್ಥಂಕರ ಪ್ರಕೃತಿಯನ್ನು ಕಟ್ಟಿ ಮುಂದಿನ ಉತ್ಸರ್ಪಿಣಿಯ ಪ್ರಥಮ ತೀರ್ಥಂಕರನಾಗಲಿದ್ದಾನೆ.

ಕೇವಲಿ ಅಥವಾ ಶ್ರುತಕೇವಲಿಗಳ ಸನ್ನಿಧಿಯಲ್ಲಿ ಮಾತ್ರ ಈ ಪ್ರಕೃತಿಯ ಬಂಧವು ಆರಂಭವಾಗುತ್ತದೆಂಬುದು ಸಿದ್ಧಾಂತ. ಈಗ ಈ ಕ್ಷೇತ್ರದಲ್ಲಿ ಅವರಿಲ್ಲ. ಹಾಗಾದರೆ ಈ ವ್ರತದಿಂದ ಏನು ಪ್ರಯೋಜನ? ಜಿಜ್ಞಾಸುಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ. ಭಾವನೆಯೆಂದರೆ ಮತ್ತೆ ಮತ್ತೆ ಚಿಂತಿಸುವುದು. ರೋಗಿಯಾದ ಸಾಧುವಿನ ಸೇವೆ, ಆವಶ್ಯಕ ಕ್ರಿಯೆಗಳನ್ನು ತಪ್ಪಿಸದಿರುವುದು, ಸಹಧರ್ಮಿಗಳಲ್ಲಿ ಹಸುವಿಗೆ ಕರುವಿನಲ್ಲಿರುವಂಥ ವಾತ್ಸಲ್ಯ, ಇವು ಯಾವ ಕಾಲದಲ್ಲಿಯೂ ಪುಣ್ಯಬಂಧಕ್ಕೂ ಸಮ್ಯಕ್ತ್ವದ ನೈರ್ಮಲ್ಯಕ್ಕೂ ಕಾರಣಗಳೇ. ಪದವಿಯನ್ನು ಬಯಸಿ ಮಾಡಿದರೆ ಅದು ನಿದಾನವೆಂಬ ಶಲ್ಯವಾಗುತ್ತದೆ. ಆದುದರಿಂದ ಫಲದ ಗೊಡವೆಯನ್ನು ಬಿಟ್ಟು ಭಾವನೆಯನ್ನು ಹಿಡಿಯುವುದೇ ವ್ರತಿಕನಿಗೆ ಕ್ಷೇಮಕರ.

ವ್ರತವು ಕೃಷ್ಣಪಕ್ಷದಿಂದ ಹೊರಡುವುದರಲ್ಲಿ ಒಂದು ಸಂಕೇತವನ್ನು ಕಾಣಬಹುದು. ಮೊದಲ ಹದಿನೈದು ದಿನ ಚಂದ್ರಕಲೆಯು ಕ್ಷೀಣಿಸುತ್ತದೆ, ಅನಂತರ ವೃದ್ಧಿಯಾಗುತ್ತದೆ. ಮೊದಲು ಕಳೆಯುವುದು, ಅನಂತರ ಬೆಳೆಯುವುದು. ಕಷಾಯಗಳು ಕ್ಷೀಣಿಸದೆ ಗುಣಗಳು ವೃದ್ಧಿಯಾಗಲಾರವು. ಅಮಾಂತದ ಗಣನೆಯಲ್ಲಿ ಮಾಸವು ಬೆಳೆದು ಕ್ಷಯವಾಗಿ ಕತ್ತಲಲ್ಲಿ ಮುಗಿಯುತ್ತದೆ. ಆಗಮದ ಭಾದ್ರಪದವು ಪೂರ್ಣಚಂದ್ರನಲ್ಲಿ ಮುಗಿಯುತ್ತದೆ. ಶ್ರಾವಣದ ಹುಣ್ಣಿಮೆಗೆ ವಿಷ್ಣುಕುಮಾರ ಮುನಿಗಳು ಅಕಂಪನಾಚಾರ್ಯಾದಿ ಏಳುನೂರು ಮುನಿಗಳ ಉಪಸರ್ಗವನ್ನು ಪರಿಹರಿಸಿದ ರಕ್ಷಾಬಂಧನದ ಸ್ಮರಣೆ. ಅದರ ಮರುದಿನವೇ ಈ ವ್ರತದ ಆರಂಭ. ಭಾದ್ರಪದದ ಹುಣ್ಣಿಮೆಯ ಮರುದಿನ ಕ್ಷಮಾವಣಿ.

ಶುಕ್ಲಪಕ್ಷ

ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ಹತ್ತು ದಿನಗಳು ದಶಲಕ್ಷಣ. ಶ್ವೇತಾಂಬರರ ಎಂಟು ದಿನಗಳ ಪರ್ಯೂಷಣವು ಸಾಮಾನ್ಯವಾಗಿ ಚತುರ್ಥಿಗೆ ಮುಗಿಯುತ್ತದೆ, ದಿಗಂಬರರದು ಮರುದಿನ ಆರಂಭವಾಗುತ್ತದೆ. ಪುಷ್ಪಾಂಜಲಿಯು ಪಂಚಮಿಯಿಂದ ನವಮಿಯವರೆಗೆ. ಷಷ್ಠಿಯು ಸುಪಾರ್ಶ್ವನಾಥರ ಗರ್ಭಕಲ್ಯಾಣ, ಅಷ್ಟಮಿಯು ಪುಷ್ಪದಂತರ ಮೋಕ್ಷಕಲ್ಯಾಣ, ಚತುರ್ದಶಿಯು ಚಂಪಾಪುರದಲ್ಲಿ ವಾಸುಪೂಜ್ಯರ ಮೋಕ್ಷಕಲ್ಯಾಣವೆಂದು ಆಚರಣೆಯಲ್ಲಿದೆ. ತ್ರಯೋದಶಿಯಿಂದ ಹುಣ್ಣಿಮೆಯವರೆಗೆ ರತ್ನತ್ರಯ.

ದಶಲಕ್ಷಣದಲ್ಲಿ ದಿನಕ್ಕೊಂದು ಧರ್ಮದ ಪೂಜೆ, ದಿನಕ್ಕೊಂದರಂತೆ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳ ವಾಚನ. ಮುನ್ನೂರ ಐವತ್ತೇಳು ಸೂತ್ರಗಳು ಹತ್ತು ದಿನಗಳಲ್ಲಿ ಕಿವಿಗೆ ಬೀಳುತ್ತವೆ. ಅರ್ಥವಾಗದಿದ್ದರೂ ಕೇಳಬೇಕೆಂದು ಹಿರಿಯರು ಹೇಳುತ್ತಿದ್ದರು. ಅರ್ಥ ಹೇಳುವವರು ಊರಲ್ಲಿರುವಾಗ ಅರ್ಥವಿಲ್ಲದೆ ಕೇಳುವುದು ಆಲಸ್ಯವೆಂದೇ ಹೇಳಬೇಕು.

ನಾಲ್ಕನೆಯ ದಿನ ಶೌಚವೋ ಸತ್ಯವೋ ಎಂಬ ಚರ್ಚೆಯು ಕೆಲವು ಬಸದಿಗಳಲ್ಲಿ ಪ್ರತಿವರ್ಷವೂ ಏಳುತ್ತದೆ. ಸೂತ್ರದ ಕ್ರಮದಲ್ಲಿ ಕ್ಷಮೆ, ಮಾರ್ದವ, ಆರ್ಜವಗಳ ಬಳಿಕ ಶೌಚವಿದೆ, ಅನಂತರ ಸತ್ಯ. ಕೆಲವು ಪೂಜಾಪಾಠಗಳಲ್ಲಿ ಸತ್ಯವು ಮೊದಲಾಗಿ ಶೌಚವು ಐದನೆಯದಾಗಿದೆ. ಸೂತ್ರದ ಕ್ರಮಕ್ಕೆ ಯುಕ್ತಿಯುಂಟು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಿಗೆ ಕ್ಷಮೆ, ಮಾರ್ದವ, ಆರ್ಜವ, ಶೌಚಗಳು ಕ್ರಮವಾಗಿ ಪ್ರತಿಪಕ್ಷಗಳು. ಶೌಚವೆಂದರೆ ಇಲ್ಲಿ ಮೈ ತೊಳೆಯುವುದಲ್ಲ, ಲೋಭದ ಕೊಳೆಯನ್ನು ತೊಳೆಯುವುದು. ನಾಲ್ಕು ಕಷಾಯಗಳು ಶಾಂತವಾದ ಮೇಲೆ ಹೊರಡುವ ಮಾತೇ ಉತ್ತಮ ಸತ್ಯ. ಮುಂದೆ ಸಂಯಮ, ತಪಸ್ಸು, ತ್ಯಾಗ, ಆಕಿಂಚನ್ಯ, ಬ್ರಹ್ಮಚರ್ಯಗಳು. ಪೂಜಾಪಾಠದ ಕ್ರಮವನ್ನು ಅನುಸರಿಸುವ ಬಸದಿಯಲ್ಲಿ ಅದನ್ನೇ ಅನುಸರಿಸಲಿ. ಮೊದಲನೆಯ ದಿನ ಕ್ಷಮೆಯನ್ನು ಪೂಜಿಸಿ ನಾಲ್ಕನೆಯ ದಿನ ಕ್ರಮಕ್ಕಾಗಿ ಕಲಹ ಮಾಡುವುದರಲ್ಲಿ ಅರ್ಥವಿಲ್ಲ.

ಸುಗಂಧದಶಮಿಯು ಶುಕ್ಲ ದಶಮಿ. ಮುನಿಗಳಿಗೆ ಕಹಿಯಾದ ಸೋರೆಯ ಆಹಾರವನ್ನು ಕೊಟ್ಟ ಸ್ತ್ರೀಯೊಬ್ಬಳು ಜನ್ಮಾಂತರದಲ್ಲಿ ದುರ್ಗಂಧದ ದೇಹವನ್ನು ಪಡೆದು, ಈ ವ್ರತದಿಂದ ಶುದ್ಧಳಾದ ಕಥೆಯು ಪ್ರಸಿದ್ಧ. ಅಂದು ಧೂಪವನ್ನು ಅರ್ಪಿಸುತ್ತಾರೆ. ಕಥೆಯ ತಿರುಳು ಆಹಾರದಾನದಲ್ಲಿ ಮಾಡಿದ ವಂಚನೆಯಲ್ಲಿದೆ, ಧೂಪದ ಪ್ರಮಾಣದಲ್ಲಿಲ್ಲ. ಮಳೆಗಾಲದ ಹುಳುಗಳು ಬೆಂಕಿಗೆ ಬೀಳದಂತೆ ಯತ್ನಾಚಾರದಿಂದ, ಮಿತವಾಗಿ ಧೂಪವನ್ನು ಹಾಕಬೇಕು.

ಅನಂತಚತುರ್ದಶಿಯನ್ನು ಕನ್ನಡ ನಾಡಿನಲ್ಲಿ ಅನಂತನ ನೋಂಪಿಯೆಂದು ಕರೆಯುವುದು ಹಳೆಯ ರೂಢಿ. ಹದಿನಾಲ್ಕನೆಯ ತೀರ್ಥಂಕರ ಅನಂತನಾಥರ ಹೆಸರು, ಹದಿನಾಲ್ಕನೆಯ ತಿಥಿ, ಹದಿನಾಲ್ಕು ವರ್ಷಗಳ ಅವಧಿ ಇವು ಒಂದಕ್ಕೊಂದು ಹೊಂದಿವೆ. ಜನ್ನ ಕವಿಯು ಕ್ರಿ.ಶ. ೧೨೩೦ರಲ್ಲಿ ಅನಂತನಾಥಪುರಾಣವನ್ನು ರಚಿಸಿ ಈ ತೀರ್ಥಂಕರರ ಚರಿತ್ರೆಯನ್ನು ಕನ್ನಡದಲ್ಲಿ ನೆಲೆಗೊಳಿಸಿದನು.

ತಿಥಿ, ಶಕ್ತಿ ಮತ್ತು ಉದ್ಯಾಪನೆ

ಹಲವು ವರ್ಷಗಳಿಂದ ಗೋಡೆಯ ಪಂಚಾಂಗದ ಭಾದ್ರಪದ ಬಹುಳದಲ್ಲಿಯೇ ಷೋಡಶಕಾರಣವನ್ನು ನಡೆಸಿಕೊಂಡು ಬಂದ ವೃದ್ಧೆಯರು ಇದನ್ನೆಲ್ಲ ಓದಿ ತಮ್ಮ ವ್ರತವು ವ್ಯರ್ಥವಾಯಿತೆಂದು ಕೊರಗಬೇಕಾಗಿಲ್ಲ. ಬಂಧವೂ ನಿರ್ಜರೆಯೂ ಪರಿಣಾಮವನ್ನು ಅವಲಂಬಿಸಿವೆ. ಶ್ರದ್ಧೆಯಿಂದ ಮಾಡಿದ ಉಪವಾಸ, ಕೇಳಿದ ಶಾಸ್ತ್ರ, ಅಡಗಿಸಿದ ಕೋಪ ಇವು ಪಕ್ಷದ ಹೆಸರು ತಪ್ಪಿತೆಂದು ಅಳಿದುಹೋಗುವುದಿಲ್ಲ. ಮುನಿಗಳೋ ಆರ್ಯಿಕೆಯರೋ ಸಮೀಪದಲ್ಲಿದ್ದರೆ ಅವರ ಮುಂದೆ ನಿವೇದಿಸಿ, ಅವರ ಆಜ್ಞೆಯಂತೆ ಮುಂದಿನ ವರ್ಷದಿಂದ ಶ್ರಾವಣ ಬಹುಳ ಪಾಡ್ಯದಲ್ಲಿ ಹಿಡಿದರೆ ಸಾಕು. ತಿಳಿದ ಮೇಲೆಯೂ ಹಠದಿಂದ ಹಾಗೆಯೇ ಮುಂದುವರಿಸುವುದು ಬೇರೆ ಮಾತು.

ತಿಥಿನಿರ್ಣಯದಲ್ಲಿ ಇನ್ನೆರಡು ವಿಷಯಗಳುಂಟು. ವ್ರತದ ದಿನ ಸೂರ್ಯೋದಯದ ಮೇಲೆ ಆ ತಿಥಿಯು ಆರು ಘಳಿಗೆ, ಅಂದರೆ ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷಗಳ ಕಾಲವಾದರೂ ಇರಬೇಕೆಂಬುದು ದಿಗಂಬರ ವ್ರತತಿಥಿಯ ನಿಯಮ. ಆದಕಾರಣ ಜೈನ ಪಂಚಾಂಗಕ್ಕೂ ಪೇಟೆಯ ಪಂಚಾಂಗಕ್ಕೂ ಒಂದು ದಿನದ ಅಂತರ ಕಾಣುವುದುಂಟು. ಎರಡನೆಯದು ಅಧಿಕಮಾಸ. ೨೦೧೨ರಲ್ಲಿ ಭಾದ್ರಪದವೇ ಅಧಿಕವಾಗಿ ಬಂದಿತ್ತು. ಆಗಸ್ಟ್ ೧೮ರಿಂದ ಸೆಪ್ಟೆಂಬರ್ ೧೬ರವರೆಗೆ ಅಧಿಕವಾದುದರಿಂದ ದಶಲಕ್ಷಣವು ಅದರ ಬಳಿಕ, ನಿಜ ಭಾದ್ರಪದದ ಶುಕ್ಲಪಕ್ಷದಲ್ಲಿ ನಡೆಯಿತು. ಅಂಥ ವರ್ಷಗಳಲ್ಲಿ ಮನೆಯಲ್ಲಿ ಕುಳಿತು ಎಣಿಸುವುದಕ್ಕಿಂತ ಬಸದಿಯ ಜೈನ ಪಂಚಾಂಗವನ್ನು ನೋಡುವುದೇ ಮೇಲು.

ಶಕ್ತಿಯ ವಿಷಯದಲ್ಲಿ ಹದಿನಾರು ಭಾವನೆಗಳೇ ಮಾತನಾಡುತ್ತವೆ. ತ್ಯಾಗ ಮತ್ತು ತಪಸ್ಸುಗಳನ್ನು ಹೇಳುವಾಗ ಸೂತ್ರಕಾರರು ಶಕ್ತಿಗೆ ತಕ್ಕಂತೆ ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಶಕ್ತಿಯನ್ನು ಮೀರಬಾರದು, ಬಚ್ಚಿಡಲೂ ಬಾರದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಸಕ್ಕರೆಯ ರೋಗಕ್ಕೆ ಔಷಧವನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಸಾಲು ಉಪವಾಸಗಳನ್ನು ಹಿಡಿಯುವುದು ತಪಸ್ಸಲ್ಲ. ಅಂಥವರಿಗೆ ಏಕಭುಕ್ತವಿದೆ, ರಸಪರಿತ್ಯಾಗವಿದೆ, ಊನೋದರವಿದೆ. ಪಕ್ಕದ ಮನೆಯವರು ಹತ್ತು ಉಪವಾಸ ಮಾಡಿದರೆಂದು ಹನ್ನೊಂದನ್ನು ಮಾಡಿ, ಕೊನೆಗೆ ಮೆರವಣಿಗೆ, ಶಾಲು, ಫಲಕಗಳನ್ನು ಅಪೇಕ್ಷಿಸುವ ರೂಢಿಯು ಇತ್ತೀಚೆಗೆ ಬೆಳೆಯುತ್ತಿದೆ. ಐದು ಇಂದ್ರಿಯಗಳು ತಮ್ಮ ವಿಷಯಗಳ ಕಡೆಗೆ ಓಡದೆ ಒಳಗೆ ನೆಲೆಸುವುದು ಉಪವಾಸವೆಂಬುದು ಪೂಜ್ಯಪಾದರ ವ್ಯಾಖ್ಯಾನದ ತಾತ್ಪರ್ಯ. ಫಲಕದ ಕಡೆಗೆ ಕಣ್ಣು ಹೋದರೆ ಒಂದು ಇಂದ್ರಿಯವಾದರೂ ಹೊರಗುಳಿದಂತೆಯೇ.

ಅವಧಿ ಮುಗಿದ ಮೇಲೆ ಉದ್ಯಾಪನೆ. ಶಕ್ತಿಯಿದ್ದವರು ಬಸದಿಗೆ ಉಪಕರಣಗಳನ್ನು, ಶಾಸ್ತ್ರಗ್ರಂಥಗಳನ್ನು ಕೊಡುತ್ತಾರೆ. ಶಕ್ತಿಯಿಲ್ಲದವರಿಗೆ ವ್ರತವನ್ನು ದ್ವಿಗುಣವಾಗಿ ನಡೆಸಿ ಮುಗಿಸುವ ಮಾರ್ಗವನ್ನು ಹೇಳಿದ್ದಾರೆ. ಈಚೆಗೆ ಉದ್ಯಾಪನೆಯೆಂದರೆ ಪಾತ್ರೆ ಹಂಚುವುದು, ಊಟ ಹಾಕಿಸುವುದು ಎಂದಷ್ಟೇ ಆಗಿದೆ. ಶಾಸ್ತ್ರದಾನವು ಹಿಂದೆ ಬಿದ್ದಿದೆ. ಮಧ್ಯಯುಗದ ಕರ್ನಾಟಕದಲ್ಲಿ ಮಲ್ಲಿಕಬ್ಬೆಯೆಂಬ ಶ್ರಾವಿಕೆಯು ತನ್ನ ಶ್ರೀಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಭೂತಬಲಿ ಆಚಾರ್ಯರ ಮಹಾಬಂಧವನ್ನು ತಾಳೆಗರಿಯ ಮೇಲೆ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂದು ಆ ಗ್ರಂಥದ ಪ್ರಶಸ್ತಿಯು ತಿಳಿಸುತ್ತದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದ ಆ ಓಲೆಗಳಿಂದಲೇ ಪ್ರತಿಮಾಡಿಕೊಂಡು ೧೯೪೭ರಲ್ಲಿ ಮಹಾಬಂಧದ ಮೊದಲ ಸಂಪುಟವನ್ನು ಅಚ್ಚುಹಾಕಿಸಿದರು.